ಯಾದವಗಿರಿಯ ವಿದ್ಯಾಸ್ಥಾನವೂ ಅಲ್ಲಿಯ ದರ್ಶನೀಯಗಳೂ

೧. ಬಯಲಿನ ಶಾಸನಗಳು, ಬೆಟ್ಟದ ಪಾಠ

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯು ಕೆರೆಕಾಲುವೆಗಳ ನಾಡು. ಮಂಡ್ಯದ ತಾಲ್ಲೂಕಿಗೆ ಸೇರಿದ ಕೆರಗೋಡಿನ ಹೆಸರಿನಲ್ಲಿಯೇ ಕೆರೆಯು ಅಡಗಿರುವುದು. ಈ ಪ್ರದೇಶವು ಪುರಾತನ ಲೇಖಗಳಿಂದ ಸಮೃದ್ಧವಾದುದೆಂಬುದು ಶಾಸನಾಭ್ಯಾಸಿಗಳಿಗೆ ವಿದಿತವೇ ಇದೆ. ಗಂಗರಾಜನಾದ ಶಿವಮಾರನ ಹಳ್ಳೆಗೆರೆಯ ತಾಮ್ರಪಟಗಳು ಶಕ ೬೩೫ನೆಯ ವರ್ಷಕ್ಕೆ, ಎಂದರೆ ಕ್ರಿ.ಶ. ೭೧೩ಕ್ಕೆ, ಸಲ್ಲತಕ್ಕವು. ಮದ್ದೂರು ತಾಲ್ಲೂಕಿನ ಆತಕೂರಿನ ಶಿಲಾಲೇಖವು ಶಕ ೮೭೨ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದ ವೃತ್ತಾಂತವನ್ನೂ, ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ಬೇಟೆನಾಯಿಯ ವೃತ್ತಾಂತವನ್ನೂ ಅದು ಒಂದೇ ಕಲ್ಲಿನಲ್ಲಿ ಹೇಳುತ್ತದೆ. ಬಸರಾಳಿನ ಮಲ್ಲಿಕಾರ್ಜುನ ದೇವಾಲಯವನ್ನು ಹೊಯ್ಸಳ ಎರಡನೆಯ ನರಸಿಂಹನ ಆಳಿಕೆಯಲ್ಲಿ ಹರಿಹರ ದಂಡನಾಯಕನು ಕ್ರಿ.ಶ. ೧೨೩೪ರಲ್ಲಿ ಕಟ್ಟಿಸಿದನು.

ಇವೆಲ್ಲವೂ ನೋಡತಕ್ಕವೇ. ಆದರೆ ಇವುಗಳಲ್ಲಿ ಒಂದು ಸಮಾನವಾದ ನ್ಯೂನತೆಯುಂಟು: ಬರೆಹವು ಉಳಿದಿದೆ, ಬರೆಹವನ್ನು ಓದಿ ವ್ಯಾಖ್ಯಾನಮಾಡುತ್ತಿದ್ದವರ ಪರಂಪರೆಯು ಉಳಿದಿಲ್ಲ. ಆತಕೂರಿನ ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿತು. ಅಗ್ರಹಾರವಾಗಿದ್ದ ಊರುಗಳು ಬೇಸಾಯದ ಊರುಗಳೋ ಪೇಟೆಗಳೋ ಆದುವು. ಊರಿನಲ್ಲಿ ಹಿಂದೆ ವಿದ್ಯೆಯಿತ್ತೆಂಬುದನ್ನು ಈಗ ಕಲ್ಲಿನಿಂದ ಅನುಮಾನಿಸಬೇಕಾಗಿದೆ.

ಇದಕ್ಕೆ ಅಪವಾದವಾಗಿ ಇದೇ ಜಿಲ್ಲೆಯಲ್ಲಿ ಬೆಟ್ಟದ ಮೇಲೆ ಒಂದು ಚಿಕ್ಕ ಊರು ಇರುತ್ತದೆ. ಅದು ಪಾಂಡವಪುರದ ತಾಲ್ಲೂಕಿನ ಮೇಲುಕೋಟೆ. ಒಂದು ದೇವಸ್ಥಾನ, ಒಂದು ಕಲ್ಯಾಣಿ, ಕೆಲವು ಮಠಗಳು, ಕೆಲವು ಬೀದಿಗಳು, ಒಂದು ಸಂಸ್ಕೃತ ಮಹಾಪಾಠಶಾಲೆ ಇಷ್ಟೇ ಅದರ ಸಂಪತ್ತು. ಆದರೂ ಅಧ್ಯಯನ ಅಧ್ಯಾಪನಗಳು ಅಲ್ಲಿ ಇಂದಿಗೂ ನಿಂತಿಲ್ಲ. ಯಾತ್ರಿಕನು ಅಲ್ಲಿಗೆ ದೇವರ ದರ್ಶನಕ್ಕಾಗಿ ಹೋಗುತ್ತಾನೆ; ಸಾಹಿತ್ಯದ ವಿದ್ಯಾರ್ಥಿಯು ಏನನ್ನು ನೋಡಬೇಕು, ಅಲ್ಲಿದ್ದು ಏನನ್ನು ಮಾಡಬೇಕು ಎಂಬುದು ಪ್ರಕೃತ ಲೇಖನದ ವಿಷಯ.

೨. ನೋಡುವ ಕ್ರಮ

ಮೇಲುಕೋಟೆಯಲ್ಲಿ ಕಥೆಯಿಲ್ಲದ ಕಲ್ಲಿಲ್ಲ. ಒಂದೊಂದು ತೀರ್ಥಕ್ಕೂ ಒಂದೊಂದು ಮಾಹಾತ್ಮ್ಯ, ಒಂದೊಂದು ಮಂಟಪಕ್ಕೂ ಒಂದೊಂದು ಐತಿಹ್ಯ. ಇಂತಹ ಸ್ಥಳಗಳಲ್ಲಿ ವಿದ್ವಾಂಸರು ಎರಡು ಬಗೆಯಾಗಿ ವರ್ತಿಸುವುದು ರೂಢಿ. ಕೆಲವರು ಕೇಳಿದುದೆಲ್ಲವನ್ನೂ ಚರಿತ್ರೆಯೆಂದು ಬರೆದುಕೊಳ್ಳುವರು. ಮತ್ತೆ ಕೆಲವರು ಶಾಸನದಲ್ಲಿ ಕಾಣದುದೆಲ್ಲವೂ ಕಟ್ಟುಕಥೆಯೆಂದು ತಳ್ಳಿಬಿಡುವರು. ಎರಡೂ ಮಾರ್ಗಗಳು ಶಾಸ್ತ್ರಪರಿಶ್ರಮವಿಲ್ಲದವರ ಮಾರ್ಗಗಳು.

ವಾಕ್ಯಗಳನ್ನು ಪರೀಕ್ಷಿಸುವ ಒಂದು ಕ್ರಮವನ್ನು ಮೀಮಾಂಸಕರು ಬಹು ಹಿಂದೆಯೇ ಏರ್ಪಡಿಸಿರುತ್ತಾರೆ. ವೇದದಲ್ಲಿ ವಿಧಿವಾಕ್ಯವು ಕರ್ತವ್ಯವನ್ನು ಹೇಳುತ್ತದೆ. ಅರ್ಥವಾದವು ಆ ಕರ್ತವ್ಯವನ್ನು ಹೊಗಳುತ್ತದೆ. ಈ ಅರ್ಥವಾದವು ಮೂರು ಬಗೆ. ಬೇರೆ ಪ್ರಮಾಣಕ್ಕೆ ವಿರುದ್ಧವಾದರೆ ಅದು ಗುಣವಾದ: ಅದನ್ನು ಅಕ್ಷರಾರ್ಥದಲ್ಲಿ ಹಿಡಿಯದೆ, ಯಾವ ಗುಣವನ್ನು ತಿಳಿಸುತ್ತದೆ ಎಂಬುದನ್ನು ನೋಡಬೇಕು. ಬೇರೆ ಪ್ರಮಾಣದಿಂದ ಮೊದಲೇ ತಿಳಿದುದನ್ನು ಹೇಳಿದರೆ ಅದು ಅನುವಾದ. ವಿರೋಧವೂ ಇಲ್ಲ, ಬೇರೆಡೆಯಿಂದ ಸಿದ್ಧವೂ ಆಗಿಲ್ಲ ಎಂಬುದಾದರೆ ಅದು ಭೂತಾರ್ಥವಾದ: ಬಾಧಕವು ತೋರುವವರೆಗೆ ನಡೆದ ಸಂಗತಿಯೆಂದೇ ಇಟ್ಟುಕೊಳ್ಳಬಹುದು.

ಈ ವಿಭಾಗವನ್ನು ಮೇಲುಕೋಟೆಗೆ ಹೊರಗಿನಿಂದ ತಂದು ಹೊಂದಿಸಬೇಕಾಗಿಲ್ಲ. ಪೂರ್ವೋತ್ತರ ಮೀಮಾಂಸೆಗಳೆರಡೂ ಸೇರಿ ಒಂದೇ ಶಾಸ್ತ್ರವೆಂಬುದು ರಾಮಾನುಜರ ಸಿದ್ಧಾಂತ; ಆ ಸಿದ್ಧಾಂತದ ಪಾಠವು ನಡೆಯತಕ್ಕ ಊರು ಇದು. ಊರಿನಲ್ಲಿಯೇ ಕಲಿಸುವ ಶಾಸ್ತ್ರದಿಂದ ಊರನ್ನು ಪರೀಕ್ಷಿಸುವುದು ನ್ಯಾಯವೇ ಆಗಿರುತ್ತದೆ.

೩. ಬೆಟ್ಟದ ನಾಲ್ಕು ಹೆಸರುಗಳು

ಕೃತಯುಗದಲ್ಲಿ ನಾರಾಯಣಾದ್ರಿ, ತ್ರೇತೆಯಲ್ಲಿ ವೇದಾದ್ರಿ, ದ್ವಾಪರದಲ್ಲಿ ಯಾದವಾದ್ರಿ, ಕಲಿಯಲ್ಲಿ ಯತಿಶೈಲ ಎಂದು ಕ್ಷೇತ್ರಮಾಹಾತ್ಮ್ಯವು ನಾಲ್ಕು ಹೆಸರುಗಳನ್ನು ಹೇಳುತ್ತದೆ. ಯುಗಗಳ ಲೆಕ್ಕವನ್ನು ಬಿಟ್ಟು ಹೆಸರುಗಳನ್ನು ಮಾತ್ರ ನೋಡಿದರೆ ಸ್ಥಳದ ಸ್ವಭಾವವೇ ಅವುಗಳಲ್ಲಿ ಕಾಣಬರುವುದು. ದತ್ತಾತ್ರೇಯನು ಇಲ್ಲಿ ವೇದಗಳನ್ನು ಪ್ರವಚನಮಾಡಿದುದರಿಂದ ವೇದಾದ್ರಿಯೆಂಬ ಹೆಸರು ಬಂದಿತೆಂದು ಐತಿಹ್ಯ. ಕ್ಷೇತ್ರದ ಹೆಸರನ್ನು ದೇವತೆಯಿಂದ ಹುಟ್ಟಿಸುವುದು ಎಲ್ಲೆಡೆಯೂ ಉಂಟು. ಪಾಠದಿಂದ ಹುಟ್ಟಿಸಿರುವುದು ಅಪರೂಪ. ಊರಿನವರು ತಮ್ಮ ಬೆಟ್ಟವನ್ನು ವಿದ್ಯಾಸ್ಥಾನವೆಂದು ಬಗೆದಿದ್ದರೆಂಬುದಕ್ಕೆ ಈ ಹೆಸರೇ ಸಾಕ್ಷಿ.

ಯಾದವಾದ್ರಿಯೆಂಬುದಕ್ಕೆ ಬಲರಾಮಕೃಷ್ಣರು ಇಲ್ಲಿ ಪೂಜೆಮಾಡಿದರೆಂಬುದು ಪುರಾಣದ ಕಾರಣ. ಹೊಯ್ಸಳರು ತಮ್ಮನ್ನು ಯಾದವವಂಶದವರೆಂದು ಶಾಸನಗಳಲ್ಲಿ ಹೇಳಿಕೊಂಡಿರುವುದನ್ನು ಇದರೊಡನೆ ಸೇರಿಸಿ ನೋಡಬೇಕು. ಅರಸರ ವಂಶದ ಹೆಸರೂ ಬೆಟ್ಟದ ಹೆಸರೂ ಒಂದಾಗಿರುವಾಗ, ಆ ಅರಸರ ಕಾಲದಲ್ಲಿ ಬೆಟ್ಟಕ್ಕೆ ಹೆಚ್ಚಿನ ಗೌರವವು ಬಂದುದು ಸಹಜವೇ. ಯತಿಶೈಲವೆಂಬುದು ಯತಿರಾಜರಾದ ರಾಮಾನುಜರ ನೆನಪು. ಮೇಲುಕೋಟೆಯೆಂಬ ಕನ್ನಡದ ಹೆಸರಾದರೋ ಎತ್ತರದ ದುರ್ಗವೆಂಬಷ್ಟನ್ನೇ ಹೇಳುತ್ತದೆ.

೪. ಬಹುಧಾನ್ಯ ಸಂವತ್ಸರದ ಪ್ರಶ್ನೆ

ಚೋಳರಾಜನ ಉಪದ್ರವದಿಂದ ಶ್ರೀರಂಗವನ್ನು ಬಿಟ್ಟು ಬಂದ ರಾಮಾನುಜರು ಬಿಟ್ಟಿದೇವನನ್ನು ವೈಷ್ಣವನನ್ನಾಗಿ ಮಾಡಿ ವಿಷ್ಣುವರ್ಧನನೆಂದು ಹೆಸರಿಟ್ಟರೆಂದೂ, ಬಹುಧಾನ್ಯ ಸಂವತ್ಸರದ ಪುಷ್ಯಮಾಸದಲ್ಲಿ ಯಾದವಗಿರಿಯ ಹುತ್ತದಲ್ಲಿ ತಿರುನಾರಾಯಣನ ಮೂರ್ತಿಯನ್ನು ಕಂಡರೆಂದೂ, ಹನ್ನೆರಡು ವರ್ಷಗಳ ಕಾಲ ಅಲ್ಲಿ ವಾಸಮಾಡಿದರೆಂದೂ ಗುರುಪರಂಪರೆಯ ಗ್ರಂಥಗಳು ಹೇಳುತ್ತವೆ. ರಾಮಾನುಜರ ಜೀವಿತಕಾಲವು ಸಂಪ್ರದಾಯದಂತೆ ಕ್ರಿ.ಶ. ೧೦೧೭ರಿಂದ ೧೧೩೭ರವರೆಗೆ. ಆ ನಡುವೆ ವಯಸ್ಸಿಗೆ ಹೊಂದತಕ್ಕ ಬಹುಧಾನ್ಯವು ಕ್ರಿ.ಶ. ೧೦೯೮–೯೯. ಮುಂದಿನ ಬಹುಧಾನ್ಯವು ೧೧೫೮–೫೯. ಅದು ಆಚಾರ್ಯರ ಕಾಲವನ್ನು ಮೀರಿ ಹೋಗುತ್ತದೆ. ವಿಷ್ಣುವರ್ಧನನು ಪಟ್ಟವೇರಿದುದಾದರೋ ಸುಮಾರು ೧೧೦೮ರಲ್ಲಿ.

ಇಲ್ಲಿ ಸಂವತ್ಸರ, ಅರಸ ಎಂಬ ಎರಡರಲ್ಲಿ ಒಂದನ್ನು ಸಡಿಲಿಸದೆ ಗತಿಯಿಲ್ಲ. ಸಂವತ್ಸರವನ್ನು ಹಿಡಿದರೆ ಬಿಟ್ಟಿದೇವನು ಆಗ ಅರಸನಾಗಿರಲಿಲ್ಲವೆಂದು ಒಪ್ಪಬೇಕು. ಅರಸನನ್ನು ಹಿಡಿದರೆ ಸಂವತ್ಸರವನ್ನು ಮುಂದಿನವರು ಲೆಕ್ಕಹಾಕಿ ಸೇರಿಸಿದರೆಂದು ಒಪ್ಪಬೇಕು. ಅರಸನು ಹಳೆಯ ಮತವನ್ನು ತೊರೆದು ಜೈನರನ್ನು ಪೀಡಿಸಿದನೆಂಬ ಕಥೆಯಂತೂ ಶಾಸನಗಳ ಎದುರಿಗೆ ನಿಲ್ಲಲಾರದು. ಬೇಲೂರಿನ ವಿಜಯನಾರಾಯಣನ ಪ್ರತಿಷ್ಠೆಯಾದುದು ೧೧೧೭ರಲ್ಲಿ. ಅದಾದ ಮೇಲೆ, ೧೧೨೩ರಲ್ಲಿ, ಪಟ್ಟದರಸಿ ಶಾಂತಲದೇವಿಯು ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ದಂಡನಾಯಕ ಗಂಗರಾಜನು ಜೈನನಾಗಿಯೇ ಅರಸನ ಬಲಗೈಯಾಗಿದ್ದನು.

ಆದುದರಿಂದ ಪೀಡನೆಯ ಕಥೆಯು ಗುಣವಾದ: ಆಚಾರ್ಯರ ಪ್ರಭಾವವನ್ನು ಎತ್ತಿ ಹೇಳುವುದಷ್ಟೇ ಅದರ ತಾತ್ಪರ್ಯ. ಹೊಯ್ಸಳರ ಕಾಲದಲ್ಲಿ ವೈಷ್ಣವಕ್ಷೇತ್ರಗಳಿಗೆ ರಾಜಾಶ್ರಯವು ದೊರೆಯಿತೆಂಬುದು ಅನುವಾದ. ಶಾಸನಗಳಿಂದಲೇ ಅದು ಸಿದ್ಧ. ಹನ್ನೆರಡು ವರ್ಷಗಳ ವಾಸವು ಭೂತಾರ್ಥವಾದ. ಹೀಗೆ ಒಂದೇ ಕಥೆಯ ಮೂರು ತುಂಡುಗಳಿಗೆ ಮೂರು ಬೆಲೆ. ಇಡಿಯನ್ನು ಒಪ್ಪುವವನೂ ಇಡಿಯನ್ನು ಬಿಡುವವನೂ ಸಮಾನವಾಗಿ ನಷ್ಟಪಡುವರು.

೫. ಚೆಲುವನಾರಾಯಣನ ಸನ್ನಿಧಿ

ಗರ್ಭಗೃಹದ ಮೂಲಮೂರ್ತಿಯು ತಿರುನಾರಾಯಣ. ಉತ್ಸವಮೂರ್ತಿಗೆ ರಾಮಪ್ರಿಯನೆಂದೂ ಚೆಲುವಪಿಳ್ಳೆಯೆಂದೂ ಹೆಸರು. ಈ ಉತ್ಸವಮೂರ್ತಿಯು ದಿಲ್ಲಿಯ ಸುರತಾಳನ ಅರಮನೆಗೆ ಹೋಗಿ ಅಲ್ಲಿಯ ಕುಮಾರಿಗೆ ಆಟದ ಬೊಂಬೆಯಾಗಿತ್ತೆಂದೂ, ರಾಮಾನುಜರು ಹೋಗಿ ಕರೆದಾಗ ಮಗುವಿನಂತೆ ನಡೆದುಬಂದು ಅವರ ತೊಡೆಯನ್ನೇರಿತೆಂದೂ, ಅಗಲಿಕೆಯನ್ನು ಸಹಿಸಲಾರದ ಆ ಕುಮಾರಿಯು ಹಿಂದೆಯೇ ಬಂದು ದೇವರಲ್ಲಿ ಐಕ್ಯಳಾದಳೆಂದೂ ಕಥೆ. ಬೀಬಿ ನಾಚ್ಚಿಯಾರೆಂಬ ಹೆಸರಿನಿಂದ ಆಕೆಯ ಚಿಕ್ಕ ಮೂರ್ತಿಯು ದೇವರ ಪಾದದ ಬಳಿ ಪೂಜೆಗೊಳ್ಳುತ್ತಿದೆ.

ಕಾಲಗಣನೆಯಿಂದ ಈ ಕಥೆಗೆ ಬಾಧಕವುಂಟು. ದಿಲ್ಲಿಯು ಘೋರಿಯ ಕಡೆಯವರ ವಶವಾದುದು ೧೧೯೨ರಲ್ಲಿ. ಸುಲ್ತಾನರ ಆಳಿಕೆಯು ಪ್ರಾರಂಭವಾದುದು ೧೨೦೬ರಲ್ಲಿ. ರಾಮಾನುಜರು ಅದಕ್ಕೆ ಬಹಳ ಮೊದಲೇ ಪರಮಪದವನ್ನು ಸೇರಿದ್ದರು. ಆದಕಾರಣ ಕಥೆಯು ಈ ರೂಪದಲ್ಲಿ ಗುಣವಾದವೇ. ಹದಿನಾಲ್ಕನೆಯ ಶತಮಾನದ ದಂಡಯಾತ್ರೆಗಳ ನೆನಪು ಹಿಂದಿನ ಆಚಾರ್ಯರ ಚರಿತ್ರೆಯೊಳಗೆ ಸೇರಿಕೊಂಡಿರಬೇಕೆಂದು ಊಹಿಸುವುದು ಯುಕ್ತ.

ಆದರೆ ಗುಣವಾದವೆಂದು ಹೇಳಿ ಮುಗಿಸುವಂತಿಲ್ಲ. ಅರ್ಥವಾದವಿದ್ದ ಕಡೆ ವಿಧಿಯೊಂದು ಇರಲೇಬೇಕು. ಇದು ಯಾವ ವಿಧಿಗೆ ಶೇಷವೆಂದು ವಿಚಾರಿಸಬೇಕು. ಕಥೆಯ ಮುಂದಿನ ಭಾಗವು ಇದಕ್ಕೆ ಉತ್ತರ ಕೊಡುತ್ತದೆ. ಮೂರ್ತಿಯನ್ನು ತರುವ ದಾರಿಯಲ್ಲಿ ಆಪತ್ತು ಬಂದಾಗ, ಅಸ್ಪೃಶ್ಯರೆಂದು ದೂರ ಇಡಲ್ಪಟ್ಟಿದ್ದ ಜನರು ಸಹಾಯಮಾಡಿದರೆಂದೂ, ಆ ಉಪಕಾರಕ್ಕಾಗಿ ರಾಮಾನುಜರು ಅವರಿಗೆ ತಿರುಕುಲದವರೆಂಬ ಹೆಸರನ್ನೂ ವರ್ಷಕ್ಕೆ ಮೂರು ದಿನ ದೇವಾಲಯ ಪ್ರವೇಶದ ಹಕ್ಕನ್ನೂ ಕೊಟ್ಟರೆಂದೂ ಸಂಪ್ರದಾಯವು ಹೇಳುತ್ತದೆ. ಈ ಪ್ರವೇಶವು ಕಥೆಯಲ್ಲ, ಆಚರಣೆ. ಬೇಲೂರಿನಲ್ಲಿಯೂ ಮೇಲುಕೋಟೆಯಲ್ಲಿಯೂ ಅದು ನಡೆಯುತ್ತಿದ್ದಿತೆಂಬುದನ್ನು ಹತ್ತೊಂಬತ್ತನೆಯ ಶತಮಾನದ ಮೈಸೂರು ಗೆಜೆಟಿಯರು ದಾಖಲೆ ಮಾಡಿರುತ್ತದೆ.

ಇಲ್ಲಿಯೇ ವಿಷಯದ ಮರ್ಮವಿರುವುದು. ಮುನ್ನೂರರುವತ್ತಕ್ಕೂ ಮೇಲ್ಪಟ್ಟ ದಿನಗಳು ಮುಚ್ಚಿದ್ದ ಬಾಗಿಲು ಮೂರು ದಿನ ತೆರೆಯುತ್ತಿತ್ತು. ಮೂರು ದಿನ ತೆರೆದುದನ್ನು ಹೊಗಳಿ ಉಳಿದ ದಿನಗಳನ್ನು ಮರೆಯುವುದು ಸತ್ಯವಾಗಲಾರದು. ಉಳಿದ ದಿನಗಳನ್ನು ನೆನೆದು ಆ ಮೂರು ದಿನಗಳನ್ನು ಅಲ್ಲಗಳೆಯುವುದೂ ಸತ್ಯವಾಗಲಾರದು. ದೇವರ ಪಾದದಲ್ಲಿ ತುರುಷ್ಕಕನ್ಯೆಗೆ ಎಡೆಯುಂಟೆಂದು ಹೇಳುವ ಕಥೆಯು, ಬಾಗಿಲ ಹೊರಗಿದ್ದವರಿಗೂ ಎಡೆಯಿರಬೇಕೆಂಬ ವಿಧಿಗೆ ಅರ್ಥವಾದವಾಗಿ ನಿಂತಿದೆ. ಸಮಾಜವು ಆ ವಿಧಿಯನ್ನು ಮೂರು ದಿನಗಳಿಗೆ ಕುಗ್ಗಿಸಿಟ್ಟುಕೊಂಡಿತು. ೧೯೫೦ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಮಾಡಿದಾಗ, ಮೂರು ದಿನಗಳ ವಿಷಯವು ಇಡೀ ವರ್ಷಕ್ಕೆ ವ್ಯಾಪಿಸಿತು. ಸಾಹಿತ್ಯದ ಅಧ್ಯಾಪಕರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗ ಆ ಚಿಕ್ಕ ಮೂರ್ತಿಯ ಎದುರಿನಲ್ಲಿ ಹೇಳತಕ್ಕ ಪಾಠವು ಇದು.

೬. ತೀರ್ಥ, ಗಿರಿ, ಗೋಪುರ

ಸನ್ನಿಧಿಯಿಂದ ಹೊರಟವರು ಕಲ್ಯಾಣಿಗೆ ಬರುವುದು ಕ್ರಮ. ಚೌಕವಾದ ಆ ಕೊಳದ ಸುತ್ತಲೂ ಮೆಟ್ಟಿಲುಗಳು, ಮೆಟ್ಟಿಲುಗಳ ಮೇಲೆ ಮಂಟಪಗಳು. ಅಲ್ಲಿ ಕುಳಿತು ತಲೆಯೆತ್ತಿದರೆ ಗಿರಿಶಿಖರದಲ್ಲಿ ಯೋಗಾನರಸಿಂಹನ ಗೋಪುರವು ಕಾಣುತ್ತದೆ. ಬೆಳಗಿನ ಹೊತ್ತಿನಲ್ಲಿ ಮೆಟ್ಟಿಲುಗಳನ್ನೇರಿ ಮೇಲಕ್ಕೆ ಹೋಗುವುದು ಒಳ್ಳೆಯದು. ಮೇಲಿನಿಂದ ಬಯಲನ್ನು ನೋಡಿದಾಗ ಕೆರೆಗಳೂ ಗದ್ದೆಗಳೂ ಕಣ್ಣಿಗೆ ಬೀಳುವುವು. ಬೆಟ್ಟದ ಮೇಲೆ ಗದ್ದೆಯಿಲ್ಲ. ಪಾಠ ಹೇಳುವವನಿಗೂ ಕೇಳುವವನಿಗೂ ಅನ್ನವು ಕೆಳಗಿನಿಂದಲೇ ಬರಬೇಕಾಗಿತ್ತು. ಅರಸರೂ ಅಧಿಕಾರಿಗಳೂ ಬಿಟ್ಟ ಭೂಮಿಗಳೆಲ್ಲವೂ ಬಯಲಿನ ಒಕ್ಕಲಿನ ಬೆವರಿನಿಂದ ಫಲಿಸತಕ್ಕವು. ದಾನಶಾಸನಗಳಲ್ಲಿ ದಾನಿಯ ಹೆಸರು ದೊಡ್ಡದಾಗಿರುತ್ತದೆ, ಉತ್ತವನ ಹೆಸರು ಇರುವುದಿಲ್ಲ. ಗಿರಿಯ ಮೇಲೆ ನಿಂತವನು ಬರೆಯದೆ ಉಳಿದ ಆ ಸಾಲನ್ನೂ ಓದಿಕೊಳ್ಳಬೇಕು.

ಊರಿನ ಒಂದು ಅಂಚಿನಲ್ಲಿ ರಾಯಗೋಪುರವಿದೆ. ವಿಜಯನಗರದ ಶೈಲಿಯ ಎತ್ತರವಾದ ಕಂಬಗಳು ನಿಂತಿವೆ, ಗೋಪುರವು ಪೂರ್ಣವಾಗಿಲ್ಲ. ಒಂದೇ ರಾತ್ರಿಯಲ್ಲಿ ಕಟ್ಟಲು ಹೊರಟು ಬೆಳಗಾದುದರಿಂದ ನಿಂತುಹೋಯಿತೆಂದು ಜನರು ಹೇಳುವರು. ಕಟ್ಟಡದ ವಿದ್ಯಾರ್ಥಿಗೆ ಅಪೂರ್ಣವಾದ ಗೋಪುರವು ಪೂರ್ಣವಾದುದಕ್ಕಿಂತ ಹೆಚ್ಚು ಉಪಯುಕ್ತ. ಪೂರ್ಣವಾದ ಗೋಪುರದಲ್ಲಿ ಗಾರೆಯ ಬೊಂಬೆಗಳು ಮುಚ್ಚಿಬಿಡುವ ಕಂಬ, ತೊಲೆ, ಬೋದಿಗೆಗಳ ಕೂಡಣಿಕೆಯು ಇಲ್ಲಿ ಬಯಲಾಗಿ ಕಾಣುತ್ತದೆ.

ಅದರ ಸಮೀಪದಲ್ಲಿಯೇ ಅಕ್ಕ-ತಂಗಿಯರ ಕೊಳಗಳು. ಎರಡು ಕೊಳಗಳು ಒತ್ತೊತ್ತಾಗಿ ಇವೆ. ಒಂದರ ನೀರು ಸಿಹಿ, ಇನ್ನೊಂದರದು ಹಾಗಲ್ಲವೆಂದೂ ಅದು ಕಟ್ಟಿಸಿದ ಸೋದರಿಯರ ಮನಸ್ಸಿನ ಭೇದವೆಂದೂ ಹೇಳಿಕೆ. ತೊಟ್ಟಿಲಮಡು, ಧನುಷ್ಕೋಟಿ ಮೊದಲಾದ ತೀರ್ಥಗಳು ಬೆಟ್ಟದ ಸುತ್ತಲೂ ಹರಡಿಕೊಂಡಿವೆ. ಅವುಗಳನ್ನು ನಡೆದೇ ನೋಡಬೇಕು. ಸುತ್ತಣ ಕಾಡಿನ ಒಂದು ಭಾಗವನ್ನು ೧೯೭೪ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ತೋಳದ ರಕ್ಷಣೆಯು ಅದರ ಮುಖ್ಯೋದ್ದೇಶ.

೭. ಬಿದ್ದುದು, ಎದ್ದುದು

ಮೇಲುಕೋಟೆಯು ಇಂದು ತೋರುವ ರೂಪದಲ್ಲಿ ಒಮ್ಮೆಗೇ ಆದುದಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಶ್ರೀರಂಗವು ಆಕ್ರಮಣಕ್ಕೆ ಸಿಕ್ಕಿದಾಗ ವೇದಾಂತದೇಶಿಕರು ಸತ್ಯಗಾಲದಲ್ಲಿಯೂ ಬಳಿಕ ಇಲ್ಲಿಯೂ ಆಶ್ರಯ ಪಡೆದರೆಂದು ಸಂಪ್ರದಾಯ. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಮಲ್ಲಿಕಾರ್ಜುನರಾಯನ ಕಾಲದಲ್ಲಿ ನಾಗಮಂಗಲದ ತಿಮ್ಮಣ್ಣ ದಂಡನಾಯಕನು ದೇವಾಲಯವನ್ನು ಜೀರ್ಣೋದ್ಧಾರ ಮಾಡಿದನು.

ಮೈಸೂರಿನ ಒಡೆಯರಿಗೆ ಈ ಕ್ಷೇತ್ರದ ಮೇಲೆ ವಿಶೇಷ ಭಕ್ತಿ. ೧೫೭೮ರಿಂದ ೧೬೧೭ರವರೆಗೆ ಆಳಿದ ರಾಜ ಒಡೆಯರು ರಾಜಮುಡಿಯೆಂಬ ಕಿರೀಟವನ್ನು ಒಪ್ಪಿಸಿದರು. ಅವರ ಭಕ್ತವಿಗ್ರಹವನ್ನು ದೇವಾಲಯದ ಕಂಬದಲ್ಲಿ ಕಾಣಬಹುದು. ಅವರು ಕೊನೆಯಲ್ಲಿ ಗರ್ಭಗೃಹವನ್ನು ಪ್ರವೇಶಿಸಿ ಅಂತರ್ಧಾನರಾದರೆಂಬುದು ಭಕ್ತರ ನುಡಿ. ಕಿರೀಟವೂ ವಿಗ್ರಹವೂ ಅವರ ಭಕ್ತಿಗೆ ಪ್ರತ್ಯಕ್ಷ ಪ್ರಮಾಣ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಣಿಕೆಯು ಕೃಷ್ಣರಾಜಮುಡಿ.

ಇವೆರಡಕ್ಕೂ ಹಿಂದಿನದು ವೈರಮುಡಿ. ವಿರೋಚನನು ಕ್ಷೀರಾಬ್ಧಿಯಿಂದ ಕದ್ದ ಕಿರೀಟವನ್ನು ಗರುಡನು ಗೆದ್ದು ತಂದನೆಂದು ಪುರಾಣ. ಈ ಕಿರೀಟವು ಬೆಟ್ಟದ ಮೇಲೆ ಇರುವುದಿಲ್ಲ. ಕೆಳಗೆ ಮಂಡ್ಯದಲ್ಲಿ ಸರ್ಕಾರದ ಖಜಾನೆಯಲ್ಲಿರುತ್ತದೆ. ಮೀನಮಾಸದ ಪುಷ್ಯ ನಕ್ಷತ್ರದ ದಿನ ಕಾವಲಿನೊಡನೆ ಹೊರಟು, ದಾರಿಯ ಊರುಗಳಲ್ಲಿ ಪೂಜೆಗೊಂಡು, ಬೆಟ್ಟವನ್ನೇರುತ್ತದೆ. ಹಗಲಿನ ಬೆಳಕು ತಾಗಬಾರದೆಂಬ ನಿಯಮದಿಂದ ರಾತ್ರಿಯಲ್ಲಿಯೇ ಉತ್ಸವ. ಕಿರೀಟಕ್ಕಾಗಿ ಬೆಟ್ಟವು ಬಯಲನ್ನು ಎದುರುನೋಡುತ್ತದೆ, ಕಿರೀಟದೊಡನೆ ಬಯಲು ಬೆಟ್ಟವನ್ನೇರುತ್ತದೆ. ಮೇಲಿನ ಊರಿಗೂ ಕೆಳಗಿನ ಸೀಮೆಗೂ ಇರುವ ಋಣಾನುಬಂಧವನ್ನು ಈ ಒಂದು ರಾತ್ರಿಯು ಪ್ರತ್ಯಕ್ಷವಾಗಿ ತೋರಿಸುವುದು.

೧೭೭೧ರ ಮಾರ್ಚಿಯಲ್ಲಿ ಊರಿಗೆ ಮಹಾ ವಿಪತ್ತು ಒದಗಿತು. ಮೇಲುಕೋಟೆಯ ಬೆಟ್ಟಗಳಲ್ಲಿ ಬೀಡುಬಿಟ್ಟಿದ್ದ ಹೈದರಾಲಿಯು ಶ್ರೀರಂಗಪಟ್ಟಣಕ್ಕೆ ಹಿಂದೆಗೆಯುವಾಗ ಚಿನಕುರಳಿಯ ಬಳಿ ಮರಾಠರಿಂದ ಸೋತನು. ತ್ರಿಂಬಕರಾಯನ ಸೈನ್ಯವು ಊರನ್ನು ಕೊಳ್ಳೆಹೊಡೆಯಿತು. ತೇರುಗಳ ಕಬ್ಬಿಣವನ್ನು ತೆಗೆದುಕೊಳ್ಳುವುದಕ್ಕಾಗಿ ಅವಕ್ಕೆ ಬೆಂಕಿಯಿಟ್ಟರು. ಬೆಂಕಿಯು ದೇವಾಲಯದ ಕಟ್ಟಡಗಳಿಗೂ ಹತ್ತಿಕೊಂಡಿತು. ಇದು ಐತಿಹ್ಯವಲ್ಲ, ಬ್ರಿಟಿಷರ ಕಾಲದ ಚರಿತ್ರೆಗಳಲ್ಲಿ ಬರೆದಿರುವ ಸಂಗತಿ. ದಿಲ್ಲಿಯ ಕಥೆಯನ್ನು ಊರಿನ ಮಕ್ಕಳೆಲ್ಲರೂ ಬಲ್ಲರು. ಕಬ್ಬಿಣಕ್ಕಾಗಿ ಸುಟ್ಟ ತೇರುಗಳ ಕಥೆಯನ್ನು ಬಲ್ಲವರು ಕಡಮೆ. ಪರಮತದವನು ಮಾಡಿದುದು ನೆನಪಿನಲ್ಲಿ ಬೆಳೆಯುತ್ತದೆ, ಸ್ವಮತದವನು ಮಾಡಿದುದು ನೆನಪಿನಲ್ಲಿ ಕರಗುತ್ತದೆ. ಚರಿತ್ರೆಯನ್ನು ಕಲಿಸತಕ್ಕವರು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು.

ಬೆಂಕಿಗೆ ಸಿಕ್ಕದೆ ಉಳಿದುದು ಕಂಠಸ್ಥವಾದ ವಿದ್ಯೆ. ವೇದವೂ ದಿವ್ಯಪ್ರಬಂಧವೂ ಭಾಷ್ಯವೂ ಮನೆಮನೆಗಳ ಜಗಲಿಯಲ್ಲಿ ಗುರುವಿನಿಂದ ಶಿಷ್ಯನಿಗೆ ಬರುತ್ತಿದ್ದುದರಿಂದ, ಕಟ್ಟಡವು ಸುಟ್ಟ ಮಾತ್ರಕ್ಕೆ ಅವು ಸುಡಲಿಲ್ಲ.

೮. ಪಾಠಶಾಲೆ, ಭಂಡಾರ, ಕವಿಗೃಹ

ಈ ಮನೆಪಾಠಗಳ ಪರಂಪರೆಯ ಮೇಲೆ ೧೮೫೪ರಲ್ಲಿ ಸಂಸ್ಕೃತ ಪಾಠಶಾಲೆಯು ಸ್ಥಾಪಿತವಾಯಿತು. ವೇದವೇದಾಂತಬೋಧಿನೀ ಸಂಸ್ಕೃತ ಮಹಾಪಾಠಶಾಲೆಯೆಂಬುದು ಅದರ ಹೆಸರು. ಮೈಸೂರಿನ ಮಹಾರಾಜಾ ಸಂಸ್ಕೃತ ಪಾಠಶಾಲೆಯು ಹುಟ್ಟಿದುದು ೧೮೭೬ರಲ್ಲಿ. ರಾಜಧಾನಿಗಿಂತ ಇಪ್ಪತ್ತೆರಡು ವರ್ಷ ಮೊದಲೇ ಬೆಟ್ಟದ ಈ ಊರಿಗೆ ಪಾಠಶಾಲೆಯು ಬಂದಿತು. ಬ್ರಿಟಿಷ್ ಇಂಡಿಯದ ಹೊಸ ವಿದ್ಯಾಭ್ಯಾಸಕ್ಕೆ ತಳಹದಿಯಾದ ವುಡ್ಡನ ಪತ್ರವು ಹೊರಟುದೂ ಅದೇ ೧೮೫೪ರಲ್ಲಿ. ವಿಶ್ವವಿದ್ಯಾನಿಲಯಗಳ ಕಡೆಗೆ ದೇಶವು ಹೊರಳುತ್ತಿದ್ದ ವರ್ಷದಲ್ಲಿಯೇ ಇಲ್ಲಿ ಹಳೆಯ ಶಾಸ್ತ್ರಪಾಠಕ್ಕೆ ಶಾಲೆಯ ರೂಪವು ಬಂದುದು ಗಮನಾರ್ಹವಾಗಿದೆ.

ಪಾಠಶಾಲೆಯನ್ನು ಹೊರಗಿನಿಂದ ನೋಡಿ ಬರುವುದರಲ್ಲಿ ಪ್ರಯೋಜನವಿಲ್ಲ. ಅಧ್ಯಾಪಕರ ಅನುಜ್ಞ ಪಡೆದು ಒಂದು ಪಾಠವನ್ನು ಕೇಳಬೇಕು. ಪಂಕ್ತಿಯನ್ನು ಓದುವುದು, ಪದಚ್ಛೇದ ಮಾಡುವುದು, ಆಕ್ಷೇಪವನ್ನು ಎತ್ತುವುದು, ಸಮಾಧಾನ ಹೇಳುವುದು ಎಂಬ ಕ್ರಮವನ್ನು ಕಿವಿಯಿಂದ ಕೇಳಿದವನಿಗೆ ಮಾತ್ರ ವ್ಯಾಖ್ಯಾನಗ್ರಂಥಗಳ ಶೈಲಿಯು ಏಕೆ ಹಾಗಿದೆಯೆಂಬುದು ಹೊಳೆಯುವುದು. ಅವು ಮೊದಲು ಮಾತಾಗಿದ್ದು ಬಳಿಕ ಬರೆಹವಾದುವು.

೧೯೭೦ರ ದಶಕದ ಉತ್ತರಾರ್ಧದಲ್ಲಿ ಇಲ್ಲಿ ಸಂಸ್ಕೃತ ಸಂಶೋಧನ ಸಂಸತ್ತು ನೆಲೆಗೊಂಡಿತು. ಓಲೆಗರಿಗಳ ಸಂಗ್ರಹವೂ ಗ್ರಂಥಭಂಡಾರವೂ ಪ್ರಕಟನೆಯ ಕಾರ್ಯವೂ ಅದರಲ್ಲಿ ಸೇರಿವೆ. ಕನ್ನಡದ ವಿದ್ಯಾರ್ಥಿಯು ಓಲೆಗರಿಯನ್ನು ಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡಿರುತ್ತಾನೆ. ಕಂಠದಿಂದ ಗೀರಿದ ಅಕ್ಷರಕ್ಕೆ ಮಸಿ ತುಂಬಿದ ಗರಿಯನ್ನು ಎದುರಿಗಿಟ್ಟುಕೊಂಡು ಒಂದು ಪಂಕ್ತಿಯನ್ನು ಓದಲು ಪ್ರಯತ್ನಿಸಿದರೆ, ಪಾಠಾಂತರವೆಂಬುದು ಹೇಗೆ ಹುಟ್ಟುತ್ತದೆಂದು ಹತ್ತು ಉಪನ್ಯಾಸಗಳಿಗಿಂತ ಚೆನ್ನಾಗಿ ತಿಳಿಯುವುದು.

ಈ ಊರಿನ ಭಾಷಾಸ್ಥಿತಿಯೂ ವಿಚಾರಾರ್ಹ. ಸನ್ನಿಧಿಯಲ್ಲಿ ಸಂಸ್ಕೃತದ ವೇದವನ್ನೂ ತಮಿಳಿನ ದಿವ್ಯಪ್ರಬಂಧವನ್ನೂ ಪಾರಾಯಣ ಮಾಡುವರು. ಬೀದಿಯ ಮಾತು ಕನ್ನಡ. ಹಲವು ಶ್ರೀವೈಷ್ಣವರ ಮನೆಮಾತು ತಮಿಳಿನ ಒಂದು ಬಗೆ. ಇಂತಹ ಮನೆಯಲ್ಲಿ ೧೯೦೫ರಲ್ಲಿ ಹುಟ್ಟಿದ ಪು.ತಿ. ನರಸಿಂಹಾಚಾರ್ಯರು ಕನ್ನಡದ ಅಗ್ರಗಣ್ಯ ಕವಿಗಳಲ್ಲಿ ಒಬ್ಬರಾದರು. ಪು.ತಿ. ಎಂಬುದರಲ್ಲಿ ತಂದೆಯ ಹೆಸರಾದ ತಿರುನಾರಾಯಣನೇ ಅಡಗಿರುವನು. ‘ಹಂಸದಮಯಂತಿ ಮತ್ತು ಇತರ ರೂಪಕಗಳು’ ಎಂಬ ಕೃತಿಗೆ ೧೯೬೬ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ದೊರೆಯಿತು. ‘ಶ್ರೀಹರಿಚರಿತೆ’ಗೆ ಪಂಪ ಪ್ರಶಸ್ತಿಯು ಬಂದಿತು. ೧೯೯೮ರಲ್ಲಿ ಅವರು ಕೀರ್ತಿಶೇಷರಾದರು. ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಳ್ಳಲಾಗಿದೆ. ಸಂಸ್ಕೃತದ ಸಂಸ್ಕಾರ, ತಮಿಳಿನ ಭಕ್ತಿ, ಕನ್ನಡದ ನುಡಿ ಎಂಬ ಮೂರು ಹೊಳೆಗಳು ಒಬ್ಬ ಕವಿಯಲ್ಲಿ ಕೂಡಿದುದಕ್ಕೆ ಈ ಬೀದಿಯೇ ಕಾರಣವೆಂದರೆ ಅತಿಶಯವಾಗದು.

೯. ಕೈಕಸಬುಗಳು

ವಿದ್ಯಾಸ್ಥಾನವೆಂದರೆ ಗ್ರಂಥವಷ್ಟೇ ಅಲ್ಲ. ಇಲ್ಲಿ ದೊರೆಯುವ ಬಿಳಿಯ ಮಣ್ಣನ್ನು ಶ್ರೀವೈಷ್ಣವರು ಊರ್ಧ್ವಪುಂಡ್ರಕ್ಕೆ ಬಳಸುವರು. ಗರುಡನು ಅದನ್ನು ಶ್ವೇತದ್ವೀಪದಿಂದ ತಂದನೆಂದು ಮಾಹಾತ್ಮ್ಯವು ಹೇಳುತ್ತದೆ. ಹಿಂದೆ ಇದು ದೂರದ ಊರುಗಳಿಗೂ ಹೋಗುತ್ತಿದ್ದಿತು. ಇಲ್ಲಿಯ ಕೈಮಗ್ಗದ ಪಂಚೆಗಳು ಹೆಸರುವಾಸಿಯಾದುವು. ಲಾವಂಚದ ಬೇರಿನ ಬೀಸಣಿಗೆಗಳನ್ನು ಹತ್ತೊಂಬತ್ತನೆಯ ಶತಮಾನದ ಗೆಜೆಟಿಯರು ಹೊಗಳಿರುತ್ತದೆ. ಪುಳಿಯೋಗರೆಯ ರುಚಿಯನ್ನು ಕುರಿತು ಹೇಳಬೇಕಾದುದಿಲ್ಲ. ಮಡಪಳ್ಳಿಯಿಂದ ಹೊರಟು ಅದು ನಾಡಿನ ಅಡಿಗೆಮನೆಗಳನ್ನೆಲ್ಲ ಸೇರಿದೆ. ಪಂಡಿತನ ಪಂಚೆಯನ್ನು ನೆಯ್ದವನೂ ಪಾಠ ಕೇಳುವ ಹುಡುಗನಿಗೆ ಅನ್ನವಿಕ್ಕಿದವಳೂ ಆ ವಿದ್ಯೆಯಲ್ಲಿ ಪಾಲುದಾರರು.

೧೦. ಉಪಸಂಹಾರ

ಮೇಲ್ಕಂಡ ವಿಚಾರಗಳಿಂದ, ಮೇಲುಕೋಟೆಗೆ ಹೋಗತಕ್ಕ ಅಧ್ಯಾಪಕರೂ ವಿದ್ಯಾರ್ಥಿಗಳೂ ಅನುಸರಿಸಬಹುದಾದ ಒಂದು ಕ್ರಮವು ಸಿದ್ಧವಾಗುತ್ತದೆ. ಬೆಳಗ್ಗೆ ಗಿರಿಯನ್ನೇರಿ ಬಯಲನ್ನು ನೋಡುವುದು. ಇಳಿದು ಸನ್ನಿಧಿಯಲ್ಲಿ ಪಾರಾಯಣವನ್ನು ಕೇಳುವುದು. ಬೀಬಿ ನಾಚ್ಚಿಯಾರ್ ಮೂರ್ತಿಯ ಎದುರಿನಲ್ಲಿ ಕಥೆಯನ್ನೂ ವಿಧಿಯನ್ನೂ ಬೇರ್ಪಡಿಸಿ ತಿಳಿಯುವುದು. ಮಧ್ಯಾಹ್ನ ಪಾಠಶಾಲೆಯಲ್ಲಿಯೂ ಗ್ರಂಥಭಂಡಾರದಲ್ಲಿಯೂ ಕುಳಿತುಕೊಳ್ಳುವುದು. ಸಂಜೆ ರಾಯಗೋಪುರದ ಕಂಬಗಳ ನಡುವೆ, ಮುಗಿಯದ ಕೆಲಸದಿಂದ ಏನನ್ನು ಕಲಿಯಬಹುದೆಂದು ಪರ್ಯಾಲೋಚಿಸುವುದು. ಒಂದು ದಿನವು ಇದಕ್ಕೆ ಸಾಲದು. ಎರಡು ದಿನಗಳಾದರೂ ಬೇಕು.

ಹೀಗೆ ನೋಡಿ ಹಿಂದಿರುಗುವವನು ಬರಿಗೈಯಲ್ಲಿ ಬಯಲಿಗೆ ಇಳಿಯುವುದಿಲ್ಲ. ಗುಣವಾದ, ಅನುವಾದ, ಭೂತಾರ್ಥವಾದ ಎಂಬ ಮೂರು ತೂಕದ ಕಲ್ಲುಗಳು ಅವನ ಬಳಿಯಿರುತ್ತವೆ. ಬಯಲಿನಲ್ಲಿಯೂ ಹೇಳುವ ಕಥೆಗಳಿವೆ, ಓದಿಸಿಕೊಳ್ಳದ ಲೇಖಗಳಿವೆ. ಕೆರಗೋಡು, ಬಸರಾಳು, ಆತಕೂರುಗಳ ಶಾಲೆಗಳಲ್ಲಿ ಹಳಗನ್ನಡವನ್ನು ಪಠ್ಯವಾಗಿ ಮಾತ್ರ ಓದುವ ಬಾಲಕ ಬಾಲಕಿಯರಿಗೆ ತಮ್ಮ ಊರಿನ ಕಲ್ಲನ್ನೇ ಪಠ್ಯವಾಗಿ ಓದಿಸುವ ಅಧ್ಯಾಪಕನು ದೊರೆತರೆ, ಬೆಟ್ಟದ ಮೇಲಿನ ಪಾಠಕ್ಕೆ ಶತಮಾನಗಳಿಂದ ಅನ್ನವಿತ್ತ ಬಯಲಿಗೆ ಸಲ್ಲಬೇಕಾದ ಗುರುದಕ್ಷಿಣೆಯಲ್ಲಿ ಒಂದಂಶವಾದರೂ ಸಂದಂತಾಗುವುದು.